ಶಾಪದ ಹಡಗು, ಬಸುರಿ ಕುರ್ಚಿ, ಬಂಡೆಯೊಳಗಿನ ಪಬ್: ನಾಟಿಂಗ್‌ಹ್ಯಾಮ್‌ನ 'ಟ್ರಿಪ್'ಗೆ ಹೋಗುವವರಿಗೆ

ನಾಟಿಂಗ್‌ಹ್ಯಾಮ್ ಕೋಟೆಯ ಬಂಡೆಗೆ ಬೆನ್ನು ಒರಗಿಸಿ ಕೂತ ಬಿಳಿ ಗೋಡೆಯ ಪಬ್ ಒಂದಿದೆ. ಹೆಸರು 'ಯೇ ಓಲ್ಡ್ ಟ್ರಿಪ್ ಟು ಜೆರುಸಲೇಂ'. ಊರಿನವರ ಬಾಯಲ್ಲಿ ಬರೀ 'ಟ್ರಿಪ್'. ಗೋಡೆಯ ಮೇಲೆ ದಪ್ಪ ಕಪ್ಪು ಅಕ್ಷರದಲ್ಲಿ ಕ್ರಿ.ಶ. 1189 ಅಂತ ಬರೆದಿದ್ದಾರೆ. ಇಂಗ್ಲೆಂಡಿನಲ್ಲೇ ಎಲ್ಲಕ್ಕಿಂತ ಹಳೆಯದು ಅನ್ನುವ ಮಾತೂ ಅಲ್ಲೇ ಇದೆ.

ಮೊದಲೇ ಹೇಳಿಬಿಡುತ್ತೇನೆ. ಆ ಇಸವಿಗೆ ದಾಖಲೆ ಇಲ್ಲ. ಆದರೂ ಹೋಗಿ. ಯಾಕೆ ಅನ್ನುವುದು ಮುಂದೆ ಓದುತ್ತಾ ಗೊತ್ತಾಗುತ್ತದೆ. ಹೇಗೆ ಹೋಗಬೇಕು ಅನ್ನುವುದು ಮಾತ್ರ ಮುಖ್ಯ. ನಾನು ಮೊದಲ ಸಲ ಶನಿವಾರ ಸಂಜೆ ಹೋಗಿ ಕೆಟ್ಟೆ. ಸಂತೆಯಂಥ ಜನ. ಹಡಗೂ ಕಾಣಲಿಲ್ಲ, ಕುರ್ಚಿಯೂ ಕಾಣಲಿಲ್ಲ, ಯಾರದೋ ಬೆನ್ನು ನೋಡಿಕೊಂಡು ಅರ್ಧ ಗಂಟೆ ನಿಂತು ವಾಪಸ್ ಬಂದೆ. ಎರಡನೇ ಸಲ ಮಂಗಳವಾರ ಮಧ್ಯಾಹ್ನ ಮೂರಕ್ಕೆ ಹೋದೆ. ಇಡೀ ಕೋಣೆಯಲ್ಲಿ ನಾನು, ಒಬ್ಬ ಅಜ್ಜ, ಅಜ್ಜನ ನಾಯಿ. ಹಾಗಾಗಿ ನನ್ನ ಮೊದಲ ಸಲಹೆ ಇದೇ. ವಾರದ ನಡುವೆ, ಊಟದ ಗಲಾಟೆ ಮುಗಿದು ಸಂಜೆಯ ಗಲಾಟೆ ಶುರುವಾಗುವ ಮೊದಲು ಹೋಗಿ.

ದಾರಿ, ಮತ್ತು ಮೊದಲು ಕೋಟೆ

ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ಸ್ಟೇಷನ್ನಿಂದ ನಾಟಿಂಗ್‌ಹ್ಯಾಮ್‌ಗೆ ನೇರ ರೈಲಿದೆ, ಹೆಚ್ಚುಕಡಿಮೆ ಎರಡು ಗಂಟೆಯ ಹಾದಿ. ಟಿಕೆಟ್ ಮೊದಲೇ ಕೊಂಡರೆ ಅಗ್ಗ. ಅವತ್ತೇ ಕೌಂಟರಿನಲ್ಲಿ ತೆಗೆದುಕೊಂಡರೆ ಕೈ ಸುಡುತ್ತದೆ. ನಾಟಿಂಗ್‌ಹ್ಯಾಮ್ ಸ್ಟೇಷನ್ನಿಂದ ಪಬ್ಬಿಗೆ ಹತ್ತು ಹದಿನೈದು ನಿಮಿಷ ನಡಿಗೆ. ಕಾಲುವೆ ದಾಟಿ, ಕೋಟೆಯ ಬಂಡೆಯನ್ನು ಗುರಿಯಾಗಿಟ್ಟುಕೊಂಡು ಕ್ಯಾಸಲ್ ರೋಡ್ ಕಡೆಗೆ ನಡೆದರೆ ಸಾಕು. ಬಂಡೆಯ ಬುಡದಲ್ಲಿ ಬ್ರೂಹೌಸ್ ಯಾರ್ಡ್ ಅನ್ನುವ ಜಾಗ. ಹೆಸರೇ ಹೇಳುವಂತೆ ಬಿಯರ್ ಕಾಯಿಸುತ್ತಿದ್ದ ಅಂಗಳ. ಪಬ್ ಅಲ್ಲೇ.

ನೇರವಾಗಿ ಪಬ್ಬಿಗೆ ನುಗ್ಗಬೇಡಿ. ಮೊದಲು ಮೇಲೆ ಕೋಟೆಗೆ ಹೋಗಿ. ರಾಬಿನ್ ಹುಡ್ ಕಥೆ ಓದಿ ಬುರುಜು, ಕಂದಕ ನಿರೀಕ್ಷಿಸಿದವರಿಗೆ ಸ್ವಲ್ಪ ನಿರಾಸೆ ಆಗುತ್ತದೆ. ವಿಲಿಯಂ ದೊರೆ 1068ರಲ್ಲಿ ಕಟ್ಟಿಸಿದ ಕೋಟೆ ಈಗಿಲ್ಲ. ಅಂತರ್ಯುದ್ಧ ಮುಗಿದ ಮೇಲೆ 1651ರಲ್ಲಿ ಅದನ್ನು ಕೆಡವಿದರು. ಈಗ ಮೇಲಿರುವುದು ಆಮೇಲೆ ಒಬ್ಬ ಡ್ಯೂಕ್ ಕಟ್ಟಿಸಿದ ಬಂಗಲೆ. 1831ರ ದಂಗೆಯಲ್ಲಿ ಅದಕ್ಕೂ ಬೆಂಕಿ ಬಿತ್ತು. 1878ರಿಂದ ಮ್ಯೂಸಿಯಂ ಆಗಿದೆ. ರಾಬಿನ್ ಹುಡ್ ಬೇಕೆಂದರೆ ಹೊರಗೆ ಗೋಡೆಯ ಪಕ್ಕ ಕಂಚಿನ ಪ್ರತಿಮೆ ಇದೆ, 1952ರದ್ದು. ಬಿಲ್ಲು ಹೂಡಿ ನಿಂತಿದ್ದಾನೆ. ಎಲ್ಲರೂ ಫೋಟೊ ತೆಗೆಸಿಕೊಳ್ಳುವುದು ಅಲ್ಲೇ.

ಕೋಟೆಗೆ ಹೋಗಿ ಅನ್ನಲು ನನ್ನ ಕಾರಣ ಬೇರೆ. ಬಂಡೆಯ ಒಳಗಿಂದ ಇಳಿಯುವ ಸುರಂಗ ಒಂದಿದೆ, ಮಾರ್ಟಿಮರ್ಸ್ ಹೋಲ್ ಅಂತ. ಗೈಡ್ ಜೊತೆಗೆ ಮಾತ್ರ ಬಿಡುತ್ತಾರೆ. ಅದಕ್ಕೆ ಬೇರೆ ಟಿಕೆಟ್, ಬೇರೆ ಸಮಯ. ಕೋಟೆಯ ವೆಬ್‌ಸೈಟ್ ನೋಡಿ ಮೊದಲೇ ಬುಕ್ ಮಾಡಿ. ಮೆಟ್ಟಿಲು ಕಡಿದು, ಕತ್ತಲು, ಅಲ್ಲಲ್ಲಿ ತಲೆ ಬಗ್ಗಿಸಬೇಕು. ಮಂಡಿನೋವಿನ ಅಪ್ಪ ಅಮ್ಮ ಜೊತೆಗಿದ್ದರೆ ಅವರನ್ನು ಮೇಲೆ ತೋಟದಲ್ಲಿ ಕೂರಿಸಿ. ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿ.

1330ರ ಅಕ್ಟೋಬರ್ 19ರ ರಾತ್ರಿ ಇಲ್ಲಿ ಏನಾಯಿತು ಅಂತ ತಿಳಿದಿದ್ದರೆ ಆ ಸುರಂಗದ ರುಚಿಯೇ ಬೇರೆ. ರಾಣಿ ಇಸಬೆಲ್ಲಾ ತನ್ನ ಗೆಳೆಯ ರೋಜರ್ ಮಾರ್ಟಿಮರ್ ಜೊತೆ ಸೇರಿ ಗಂಡನನ್ನೇ ಪಟ್ಟದಿಂದ ಇಳಿಸಿದ್ದಳು. ಮಗ ಮೂರನೇ ಎಡ್ವರ್ಡ್ ಹೆಸರಿಗೆ ರಾಜ, ಆಟವೆಲ್ಲ ಮಾರ್ಟಿಮರನದು. ಹುಡುಗನಿಗೆ ಆಗ ಇನ್ನೂ 17. ಅವನ ನಂಬಿಗಸ್ತರ ಸಣ್ಣ ಗುಂಪೊಂದು ಬಂಡೆಯ ಒಳದಾರಿಯಿಂದ ಕೋಟೆ ಹೊಕ್ಕು, ಮಾರ್ಟಿಮರನನ್ನು ಹಿಡಿದು ಹಾಕಿತು. ಒಳದಾರಿ ತೋರಿಸಿದ್ದು ಕೋಟೆಯ ಮೇಲ್ವಿಚಾರಕನೇ, ವಿಲಿಯಂ ಈಲಂಡ್. ರಾಣಿ ಮಗನಿಗೆ ಅವನ ಮೇಲೆ ಕರುಣೆ ಇಡು ಅಂತ ಕೂಗಿಕೊಂಡಳಂತೆ. ಕರುಣೆ ಸಿಗಲಿಲ್ಲ. ಒಂದೂವರೆ ತಿಂಗಳು ಕಳೆಯುವುದರೊಳಗೆ, ನವೆಂಬರ್ 29ಕ್ಕೆ, ಲಂಡನ್ನಿನ ಟೈಬರ್ನ್‌ನಲ್ಲಿ ನೇಣು. ರಾಣಿಯ ಆ ಕೂಗು ಈಗಲೂ ಕೇಳಿಸುತ್ತದೆ ಅನ್ನುವುದು ಊರಿನ ಮಾತು. ಅವರು ಬಂದ ದಾರಿ ಈಗ ತೋರಿಸುವ ಸುರಂಗವೇ, ಪಕ್ಕದ ಇನ್ನೊಂದಾ ಅನ್ನುವ ಬಗ್ಗೆ ಇತಿಹಾಸಕಾರರಲ್ಲಿ ಚರ್ಚೆ ಇದೆ. ಬಂಡೆಯಲ್ಲಿ ಸುರಂಗಗಳಿಗೇನು ಬರ ಇಲ್ಲ.

ಮಾರ್ಟಿಮರ್ಸ್ ಹೋಲ್ ಕೆಳಗೆ ತೆರೆದುಕೊಳ್ಳುವುದು ಬ್ರೂಹೌಸ್ ಯಾರ್ಡಿಗೇ. ಅಂದರೆ ಕತ್ತಲಿಂದ ಹೊರಬಂದು ನಾಲ್ಕು ಹೆಜ್ಜೆ ಹಾಕಿದರೆ ಪಬ್. ಇದಕ್ಕಿಂತ ಒಳ್ಳೆಯ ಪೀಠಿಕೆ ಬೇಕಾ?

ಬಾಗಿಲಲ್ಲಿ ಎರಡು ನಿಮಿಷ

ಒಳಗೆ ಹೋಗುವ ಮೊದಲು ಹೊರಗೆ ನಿಂತು ಗೋಡೆ ಎಲ್ಲಿ ಮುಗಿದು ಬಂಡೆ ಎಲ್ಲಿ ಶುರುವಾಗುತ್ತದೆ ಅಂತ ನೋಡಿ. ಮುಂದಿನ ಅರ್ಧ ಕಟ್ಟಡ, ಹಿಂದಿನ ಅರ್ಧ ಗುಹೆ. ನಾಟಿಂಗ್‌ಹ್ಯಾಮ್ ಊರೇ ಮೆತ್ತನೆಯ ಮರಳುಗಲ್ಲಿನ ಮೇಲೆ ಕೂತಿದೆ. ಕೈಯಲ್ಲಿ ಉಳಿ ಇದ್ದವರೆಲ್ಲ ಕೊರೆದಿದ್ದಾರೆ. ಊರಿನ ಕೆಳಗೆ ಲೆಕ್ಕಕ್ಕೆ ಸಿಕ್ಕ ಗುಹೆಗಳೇ 800ಕ್ಕೂ ಜಾಸ್ತಿ. ಒಂಬತ್ತನೇ ಶತಮಾನದಲ್ಲೇ ಈ ಊರನ್ನು 'ಗುಹೆಗಳ ಜಾಗ' ಅಂತ ಕರೆದ ಬರಹ ಇದೆ.

ಇನ್ನು ಹೆಸರು. 'ಯೇ' ಅಂತ ಓದಬೇಡಿ, ಅದು 'ದ'. ಹಳೆಯ ಇಂಗ್ಲಿಷಿನಲ್ಲಿ 'ದ' ಸದ್ದಿಗೆ ಒಂದು ಬೇರೆ ಅಕ್ಷರ ಇತ್ತು. ಕಾಲ ಕಳೆದಂತೆ ಅದರ ಆಕಾರ 'ವೈ' ಥರ ಆಯಿತು, ಅಚ್ಚಿನವರೂ ಅದನ್ನೇ ಹಾಕಿದರು. ಇಂಗ್ಲೆಂಡಿನ ಪಬ್ ಬೋರ್ಡುಗಳಲ್ಲಿ 'ಯೇ ಓಲ್ಡ್' ಕಂಡಲ್ಲೆಲ್ಲ ಇದೇ ಕಥೆ. ಜೆರುಸಲೇಂ ಗೆಲ್ಲಲು ಹೊರಟ ಕ್ರೈಸ್ತ ಧರ್ಮಯೋಧರು (ಕ್ರುಸೇಡರುಗಳು) ಇಲ್ಲಿ ತಂಗಿ, ಕುಡಿದು, ಮುಂದೆ ಹೋದರು ಅನ್ನುವುದು ಪಬ್ಬಿನ ಸ್ಥಳಪುರಾಣ. 'ಟ್ರಿಪ್' ಅಂದರೆ ಹಿಂದೆ ಪ್ರಯಾಣ ಅಲ್ಲ, ದಾರಿಯಲ್ಲಿ ತಂಗುವುದು ಅಂತ ಇಲ್ಲಿಯವರು ಅರ್ಥ ಹೇಳುತ್ತಾರೆ. 1189 ಅನ್ನುವುದು ಸಿಂಹಹೃದಯ ಅನ್ನಿಸಿಕೊಂಡ ರಿಚರ್ಡ್ ಪಟ್ಟಕ್ಕೆ ಬಂದ ವರ್ಷ. ಆ ರಿಚರ್ಡ್ ನಾಟಿಂಗ್‌ಹ್ಯಾಮ್ ಕೋಟೆಗೆ ಬಂದದ್ದಂತೂ ನಿಜ. ಆದರೆ 1194ರ ಮಾರ್ಚ್‌ನಲ್ಲಿ, ಆ ಧರ್ಮಯುದ್ಧ ಮುಗಿಸಿ, ಸೆರೆಮನೆ ಕಂಡು ಬಂದ ಮೇಲೆ, ತಮ್ಮ ಜಾನ್‌ನ ಕಡೆಯವರ ಮೇಲೆ ಮುತ್ತಿಗೆ ಹಾಕಲು.

ದಾಖಲೆ ಹೇಳುವುದು ಬೇರೆ. 18ನೇ ಶತಮಾನದಲ್ಲಿ ಈ ಜಾಗದ ಹೆಸರು 'ದ ಪಿಲ್‌ಗ್ರಿಮ್', ಯಾತ್ರಿಕ. ಈಗಿನ ಹೆಸರು ಕಾಣಿಸುವುದು 1799ರ ಹೊತ್ತಿಗೆ. ಕಟ್ಟಡದ ಮರ ಪರೀಕ್ಷೆ ಮಾಡಿದಾಗ ಸಿಕ್ಕ ಕಾಲ ಸುಮಾರು 1650. ಗುಹೆಗಳು ಅದಕ್ಕಿಂತ ಹಳೆಯವು, ಕೋಟೆಗೆ ಬಿಯರ್ ಮಾಡುತ್ತಿದ್ದದ್ದು ಇಲ್ಲೇ ಇರಬಹುದು ಅನ್ನುವ ವಾದಕ್ಕೆ ಬಲ ಇದೆ. ನನ್ನ ಮಟ್ಟಿಗೆ ಇಸವಿ ಬಣ್ಣದ್ದು, ಬಂಡೆ ನಿಜದ್ದು.

ಕೌಂಟರಿನಲ್ಲಿ

ನಮ್ಮವರು ಎಡವುವುದು ಇಲ್ಲೇ. ಬಂದು ಟೇಬಲ್ ಹಿಡಿದು ಕೂರುತ್ತಾರೆ, ವೇಟರ್ ಬರಲಿ ಅಂತ ಕಾಯುತ್ತಾರೆ. ಇಂಗ್ಲಿಷ್ ಪಬ್ಬಿನಲ್ಲಿ ಸಾಮಾನ್ಯವಾಗಿ ಯಾರೂ ಬರುವುದಿಲ್ಲ. ಕೌಂಟರಿಗೆ ನೀವೇ ಹೋಗಬೇಕು, ಹೇಳಬೇಕು, ಆಗಲೇ ದುಡ್ಡು ಕೊಡಬೇಕು, ಗ್ಲಾಸನ್ನು ನೀವೇ ಎತ್ತಿಕೊಂಡು ಬರಬೇಕು. ಊಟಕ್ಕಾದರೆ ಟೇಬಲ್ ನಂಬರ್ ನೋಡಿಕೊಂಡು ಹೋಗಿ ಹೇಳಿ, ತಟ್ಟೆ ಅಲ್ಲಿಗೇ ಬರುತ್ತದೆ.

ಕೌಂಟರಿನ ಮುಂದೆ ಕ್ಯೂ ಕಾಣಿಸುವುದಿಲ್ಲ, ಆದರೆ ಇದೆ. ನಿಮಗಿಂತ ಮೊದಲು ಬಂದವರು ಯಾರು ಅಂತ ನಿಮಗೂ ಗೊತ್ತಿರಬೇಕು, ಬಾರಿನವರಿಗೂ ಗೊತ್ತಿರುತ್ತದೆ. ತಪ್ಪಿ ನಿಮ್ಮನ್ನು ಮೊದಲು ಕೇಳಿದರೆ, ಪಕ್ಕದವರನ್ನು ತೋರಿಸಿ 'ಇವರು ಮೊದಲು' ಅನ್ನಿ. ಒಂದೇ ಮಾತಿಗೆ ಗೆಳೆಯರಾಗುತ್ತಾರೆ. ನೋಟು ಆಡಿಸುವುದು, ಚಿಟಿಕೆ ಹೊಡೆಯುವುದು, 'ಬಾಸ್' ಅಂತ ಕರೆಯುವುದು, ಯಾವುದೂ ಬೇಡ. ಸುಮ್ನೆ ಕಣ್ಣಿಗೆ ಬೀಳುವ ಹಾಗೆ ನಿಂತರೆ ಸಾಕು. ಅವರು ನಿಮ್ಮನ್ನು 'ಡಕ್' ಅಂತ ಕರೆದರೆ ಗಾಬರಿ ಆಗಬೇಡಿ. ಬಾತುಕೋಳಿಗೂ ನಿಮಗೂ ಸಂಬಂಧ ಇಲ್ಲ. ನಮ್ಮ ಅಂಗಡಿಯವರು 'ಏನ್ ಬೇಕಣ್ಣಾ, ಏನ್ ಬೇಕಕ್ಕಾ' ಅನ್ನುತ್ತಾರಲ್ಲ, ಈ ಸೀಮೆಯಲ್ಲಿ ಅದರ ಬದಲು 'ಡಕ್'.

ಪಾಸ್‌ಪೋರ್ಟ್ ಜೇಬಿನಲ್ಲಿರಲಿ. ಮದ್ಯಕ್ಕೆ ಕಾನೂನಿನ ವಯಸ್ಸು 18. ಆದರೆ 25ಕ್ಕಿಂತ ಚಿಕ್ಕವರಂತೆ ಕಂಡರೆ ಗುರುತಿನ ಚೀಟಿ ಕೇಳುವುದು ರೂಢಿ. ಆಧಾರ್ ಕಾರ್ಡ್ ತೋರಿಸಿದರೆ ಅವರಿಗೆ ಅದು ಯಾವ ಲೈಬ್ರರಿ ಕಾರ್ಡೋ.

ಬಿಯರ್ ಕುಡಿಯುವವರಿಗೆ: ಉದ್ದ ಹಿಡಿಕೆಯ ಕೈಪಂಪು ಕಾಣಿಸುತ್ತದಲ್ಲ, ಅದರಿಂದ ಬರುವುದು ಕಾಸ್ಕ್ ಏಲ್. ನೆಲಮಾಳಿಗೆಯ ಪೀಪಾಯಿಯಲ್ಲೇ ಇನ್ನೂ ಹುದುಗುತ್ತಾ ಇರುವ ಜೀವಂತ ಬಿಯರ್. ಮೇಲಿಂದ ಗ್ಯಾಸ್ ತುಂಬಿರುವುದಿಲ್ಲ, ಸುಮಾರು 12 ಡಿಗ್ರಿ ತಂಪು. ಬೆಂಗಳೂರಿನಲ್ಲಿ ಐಸ್‌ನಂಥ ಚಿಲ್ಡ್ ಬಿಯರ್ ಕುಡಿದು ಬೆಳೆದ ನಾಲಿಗೆಗೆ ಮೊದಲ ಗುಟುಕು 'ಇದೇನು ಬೆಚ್ಚಗಿದೆ' ಅನ್ನಿಸುತ್ತದೆ. ಮೂರನೇ ಗುಟುಕಿಗೆ ಕಹಿಯ ಹಿಂದಿನ ಸಿಹಿ ಸಿಗುತ್ತದೆ. ಪಂಪಿನ ಮೇಲಿನ ಬಿಲ್ಲೆಯಲ್ಲಿ ಹೆಸರು, ಶೇಕಡಾವಾರು ಮದ್ಯ ಬರೆದಿರುತ್ತದೆ. ನಾಲ್ಕರ ಆಸುಪಾಸಿನದು ಆರಿಸಿ. ರುಚಿ ನೋಡಲು ಸ್ವಲ್ಪ ಕೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ. ಒಂದು ಪಿಂಟ್ ಅಂದರೆ 568 ಮಿಲಿಲೀಟರ್. ಅರ್ಧ ಪಿಂಟ್ ಕೇಳಿದರೆ ಯಾರೂ ನಗುವುದಿಲ್ಲ. ಗುಂಪಿನಲ್ಲಿ ಹೋದರೆ 'ರೌಂಡ್' ಪದ್ಧತಿ ನೆನಪಿರಲಿ. ಒಬ್ಬರಾದ ಮೇಲೆ ಒಬ್ಬರು ಎಲ್ಲರಿಗೂ ಕೊಡಿಸುವುದು. ನಾಲ್ಕು ಜನರಿದ್ದರೆ ನಾಲ್ಕು ಪಿಂಟ್, ಅಂದರೆ ಎರಡೂಕಾಲು ಲೀಟರ್. ಮೊದಲೇ ಲೆಕ್ಕ ಹಾಕಿ ಸೇರಿಕೊಳ್ಳಿ, ಇಲ್ಲವಾದರೆ 'ನನ್ನದು ನಾನು ತಗೋತೀನಿ' ಅಂತ ಶುರುವಿನಲ್ಲೇ ಹೇಳಿ.

ಕುಡಿಯದವರಿಗೆ: ನೀವೂ ಹೋಗಬೇಕಾದ ಜಾಗವೇ ಇದು. ಪಬ್ ಅಂದರೆ ನಮ್ಮ ಬಾರ್ ಅಲ್ಲ. ಇಲ್ಲಿ ಅಜ್ಜಿಯರು ಚಹಾ ಕುಡಿಯುತ್ತಾ ಕೂತಿರುತ್ತಾರೆ. ಲೆಮನೇಡ್, ಶುಂಠಿ ಬಿಯರ್ (ಹೆಸರಲ್ಲಿ ಬಿಯರ್ ಇದ್ದರೂ ಸಾಮಾನ್ಯವಾಗಿ ಮದ್ಯ ಇರುವುದಿಲ್ಲ, ಕೇಳಿ ಖಾತ್ರಿ ಮಾಡಿಕೊಳ್ಳಿ), ಕಾಫಿ ಎಲ್ಲ ಸಿಗುತ್ತದೆ. ನಲ್ಲಿ ನೀರು ಬಿಟ್ಟಿ, ಅದು ಕಾನೂನೇ. ಆದರೂ ಬರೀ ನೀರು ಕುಡಿದು ಎರಡು ಗಂಟೆ ಕೂರುವುದು ಚೆನ್ನಲ್ಲ, ಅಲ್ವಾ?

ಸಸ್ಯಾಹಾರಿಗಳು ಈ ನಾಲ್ಕು ಮಾತು ಗಟ್ಟಿ ಮಾಡಿಕೊಳ್ಳಿ. ಕೌಂಟರಿನ ಹಿಂದೆ ಚಿಪ್ಸ್ ಪೊಟ್ಟಣದಂತೆ ನೇತಾಡುವ 'ಪೋರ್ಕ್ ಸ್ಕ್ರ್ಯಾಚಿಂಗ್ಸ್' ಹಂದಿಯ ಚರ್ಮ ಕರಿದದ್ದು. ಇಲ್ಲಿ 'ಚಿಪ್ಸ್' ಅಂದರೆ ದಪ್ಪ ಫ್ರೆಂಚ್ ಫ್ರೈಸ್. ನಮ್ಮ ಚಿಪ್ಸ್ ಬೇಕಾದರೆ 'ಕ್ರಿಸ್ಪ್ಸ್' ಅನ್ನಬೇಕು. ಆ ದಪ್ಪ ಚಿಪ್ಸನ್ನು ಮೀನು ಕರಿದ ಎಣ್ಣೆಯಲ್ಲೇ ಕರಿಯುವ ಅಡುಗೆಮನೆಗಳಿವೆ, ಕೇಳಿ. ನಾಲ್ಕನೆಯದು ಹೆಚ್ಚಿನವರಿಗೆ ಗೊತ್ತಿಲ್ಲ. ಕಾಸ್ಕ್ ಏಲ್ ತಿಳಿಯಾಗಲಿ ಅಂತ ಮೀನಿನ ಗಾಳಿಚೀಲದಿಂದ ಮಾಡಿದ ಐಸಿಂಗ್ಲಾಸ್ ಅನ್ನುವ ಪದಾರ್ಥ ಹಾಕುವ ಹಳೆಯ ಪದ್ಧತಿ ಇದೆ. ಅದು ಬೇಡವಾದರೆ 'ವೀಗನ್ ಏಲ್ ಇದೆಯಾ' ಅಂತ ಕೇಳಿ. ನನ್ನ ಜೊತೆ ಬಂದ ಶುದ್ಧ ಸಸ್ಯಾಹಾರಿ ಗೆಳೆಯನಿಗೆ ಈ ವಿಷಯ ಹೇಳಿದ್ದು ಅವನ ಗ್ಲಾಸು ಅರ್ಧ ಖಾಲಿಯಾದ ಮೇಲೆ. ಇವತ್ತಿಗೂ ಬೈಯುತ್ತಾನೆ. ಹೊಟ್ಟೆ ತುಂಬಲು ಸಿಪ್ಪೆ ಸಮೇತ ಬೇಯಿಸಿದ ಆಲೂಗಡ್ಡೆ ಸೀಳಿ ಚೀಸ್, ಬೀನ್ಸ್ ಹಾಕಿಕೊಡುವ 'ಜಾಕೆಟ್ ಪೊಟ್ಯಾಟೊ' ಎಲ್ಲಿ ಕಂಡರೂ ಧೈರ್ಯವಾಗಿ ತಿನ್ನಿ. ಉಪ್ಪು, ಕಾಳುಮೆಣಸಿನ ಪುಡಿ ಟೇಬಲ್ ಮೇಲೆ ಇರುತ್ತದೆ.

ಡ್ರಿಂಕ್ಸಿಗೆ ಟಿಪ್ಸ್ ಕೊಡುವ ರೂಢಿ ಇಲ್ಲ.

ಕೋಣೆಯಿಂದ ಕೋಣೆಗೆ

ಗ್ಲಾಸು ಕೈಯಲ್ಲಿ ಹಿಡಿದು ಮೊದಲು ಮೇಲಿನ ರಾಕ್ ಲೌಂಜಿಗೆ ಹೋಗಿ. ಮೆಟ್ಟಿಲು ಸಣ್ಣದು, ನೆಲ ಏರುಪೇರು. ಗೋಡೆ, ಚಾವಣಿ ಎಲ್ಲ ಬಂಡೆ. ಬಂಡೆಯನ್ನೇ ಕೊರೆದು ಮೇಲಕ್ಕೆ ಹೋದ ಹೊಗೆಗೂಡು ಇದೆ, ತಲೆ ಎತ್ತಿ ನೋಡಿ. ಗೋಡೆಗೆ ಬೆರಳು ಒತ್ತಿ ಉಜ್ಜಬೇಡಿ, ಮರಳು ಉದುರುತ್ತದೆ. ಎಂಟು ಶತಮಾನ ಹೌದೋ ಅಲ್ಲವೋ, ಇನ್ನಷ್ಟು ಕಾಲವಂತೂ ಉಳಿಯಬೇಕು.

ಶಾಪದ ಹಡಗು ಇಲ್ಲೇ ಇರುವುದು. ಮರದ ಸಣ್ಣ ಹಾಯಿಹಡಗಿನ ಮಾದರಿ. ಅದರ ಮೇಲೆ ಬೆರಳು ದಪ್ಪ ಧೂಳು. ಧೂಳು ಒರೆಸಿದವರು ಒಬ್ಬರಾದ ಮೇಲೆ ಒಬ್ಬರು ಸತ್ತರು ಅನ್ನುವುದು ಕಥೆ. ಹಾಗಾಗಿ ಯಾರೂ ಮುಟ್ಟುವುದಿಲ್ಲ. ಈಗ ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದಾರೆ. ಚಾವಣಿಯಿಂದ ದಿನವೂ ಮರಳು ಉದುರುವ ಕೋಣೆಯಲ್ಲಿ ಒರೆಸುವ ಕೆಲಸ ತಪ್ಪಿಸಿಕೊಳ್ಳಲು ಯಾವನೋ ಬುದ್ಧಿವಂತ ಹುಟ್ಟಿಸಿದ ಕಥೆ ಇದು ಅಂತ ನನ್ನ ಗುಮಾನಿ. ಆದರೆ ಆ ಮಂದ ಬೆಳಕಿನಲ್ಲಿ, ಬೂದಿ ಬಣ್ಣದ ಧೂಳು ಹಗ್ಗದಂತೆ ಜೋತುಬಿದ್ದ ಆ ಹಡಗಿನ ಮುಂದೆ ನಿಂತಾಗ ಗುಮಾನಿಯನ್ನು ಗಟ್ಟಿಯಾಗಿ ಹೇಳುವ ಧೈರ್ಯ ನನಗೆ ಬರಲಿಲ್ಲ.

ಇಲ್ಲಿ ಒಂದು ಉಪಾಯ. ಹಡಗಿನ ಕಥೆಯನ್ನು ಮೊಬೈಲಿನಲ್ಲಿ ಓದಬೇಡಿ, ಬಾರಿನವರನ್ನು ಕೇಳಿ. ಅವರಿಗೆ ಬಿಡುವಿದ್ದಾಗ ಮಾತ್ರ. ಒಬ್ಬರು ಮೂವರು ಸತ್ತರು ಅನ್ನುತ್ತಾರೆ, ಇನ್ನೊಬ್ಬರ ಲೆಕ್ಕ ಬೇರೆ. ಪಕ್ಕದ ಟೇಬಲಿನವರು ತಮ್ಮದೂ ಒಂದು ಸೇರಿಸುತ್ತಾರೆ. ನನಗೆ ನಾಯಿ ಅಜ್ಜ ಹೇಳಿದ ಕಥೆಯಲ್ಲಿ ಹಡಗಿಗಿಂತ ಅವರ ಮಾವನ ಸುದ್ದಿಯೇ ಜಾಸ್ತಿ ಇತ್ತು. 'ನಿಜವಾಗಲೂ ಆಗಿದ್ದಾ?' ಅಂತ ಮಾತ್ರ ಮೊದಲ ಪ್ರಶ್ನೆ ಹಾಕಬೇಡಿ. ಕಥೆ ಅಲ್ಲಿಗೇ ನಿಂತುಹೋಗುತ್ತದೆ. 'ಆಮೇಲೇನಾಯ್ತು?' ಅನ್ನಿ.

ಬಸುರಿ ಕುರ್ಚಿಯ ಕಥೆ ಚಿಕ್ಕದು. ಹಳೆಯ ಮರದ ಕುರ್ಚಿ, ಕೂತ ಹೆಂಗಸಿಗೆ ಬೇಗ ಮಗು ಆಗುತ್ತದಂತೆ. ಹರಕೆ ಕಟ್ಟುವ ಮರ, ತೊಟ್ಟಿಲು ಕಟ್ಟುವ ಗುಡಿ ನೋಡಿ ಬೆಳೆದ ನಮಗೆ ಇದು ಹೊಸದೇನಲ್ಲ. ಕೂರುವ ಮನಸ್ಸಿದ್ದರೆ ಮೊದಲು ಸಿಬ್ಬಂದಿಯನ್ನು ಕೇಳಿ, ಹಳೆಯ ಸಾಮಾನು. ಜೊತೆಗಿರುವ ಹೊಸ ಸೊಸೆಯನ್ನು ತಳ್ಳಿ ಕೂರಿಸಿ ಫೋಟೊ ತೆಗೆಯುವ ಕೆಲಸ ಮಾತ್ರ ದಯವಿಟ್ಟು ಬೇಡ.

ಕೆಳಗೆ ಬಂದರೆ 'ರಿಂಗ್ ದ ಬುಲ್' ಆಟ. ಚಾವಣಿಯಿಂದ ದಾರದಲ್ಲಿ ಒಂದು ಬಳೆ ನೇತುಹಾಕಿದ್ದಾರೆ, ಎದುರು ಗೋಡೆಯಲ್ಲಿ ಗೂಳಿಯ ಕೊಂಬು. ಬಳೆಯನ್ನು ತೂಗಿ ಕೊಂಬಿಗೆ ಸಿಕ್ಕಿಸಬೇಕು. ನೇರವಾಗಿ ಎಸೆದರೆ ಬಡಿದು ವಾಪಸ್ ಬರುತ್ತದೆ. ದಾರ ಬಿಗಿಯಾಗುವಷ್ಟು ಹಿಂದೆ ಸರಿದು, ಬಳೆಯನ್ನು ಸ್ವಲ್ಪ ಪಕ್ಕಕ್ಕೆ ಎಳೆದು, ತಳ್ಳದೆ ಸುಮ್ನೆ ಬಿಡಬೇಕು. ಅರ್ಧ ಸುತ್ತು ಬಳಸಿಕೊಂಡು ಹೋಗಿ ಪಕ್ಕದಿಂದ ಕೊಂಬಿಗೆ ಇಳಿಯುತ್ತದೆ. ಹೇಳಿದಷ್ಟು ಸುಲಭ ಅಲ್ಲ. ನನಗೆ ಇಪ್ಪತ್ತಮೂರನೇ ಸಲಕ್ಕೆ ಬಿತ್ತು. ಅದೂ ಆ ಅಜ್ಜ ಆಚೆ ತಿರುಗಿದ್ದಾಗ.

ಬಂಡೆಯ ಇನ್ನೂ ಕೆಳಗೆ ನೆಲಮಾಳಿಗೆಯ ಗುಹೆಗಳಿವೆ. ಹಿಂದೆ ಕೋಟೆಯ ಸೆರೆಮನೆ ಇಲ್ಲಿತ್ತು, ಹುಂಜದ ಕಾಳಗ ನಡೆಯುತ್ತಿತ್ತು ಅಂತೆಲ್ಲ ಹೇಳುತ್ತಾರೆ. ಅದು ಕೆಲಸದ ಜಾಗ, ಸುಮ್ನೆ ಇಳಿಯುವಂತಿಲ್ಲ. ಮೊದಲೇ ಬುಕ್ ಮಾಡಿದವರಿಗೆ ತೋರಿಸುವುದುಂಟು. ಹೋಗುವ ವಾರದಲ್ಲಿ ಫೋನ್ ಮಾಡಿ ಕೇಳಿ. ಮಕ್ಕಳನ್ನು ಎಷ್ಟು ಗಂಟೆಯವರೆಗೆ ಒಳಗೆ ಬಿಡುತ್ತಾರೆ ಅಂತಲೂ ಅದೇ ಫೋನಿನಲ್ಲಿ ಕೇಳಿಬಿಡಿ.

ಸಮಯ ಉಳಿದರೆ ಇನ್ನೆರಡು

ನಾಟಿಂಗ್‌ಹ್ಯಾಮ್‌ನಲ್ಲಿ 'ನಾವೇ ಹಳಬರು' ಅನ್ನುವ ಪಬ್ ಇದೊಂದೇ ಅಲ್ಲ. ಐದು ನಿಮಿಷ ನಡೆದರೆ ಮೇಡ್ ಮೇರಿಯನ್ ವೇ ರಸ್ತೆಯ ಪಕ್ಕ 'ಸಲ್ಯುಟೇಶನ್' ಇದೆ, ಅದರ ಬೋರ್ಡಿನಲ್ಲಿ 1240. ದೇವದೂತ ಗೇಬ್ರಿಯಲ್ ಮೇರಿಗೆ ಮಾಡಿದ ವಂದನೆಯೇ ಈ ಹೆಸರು. 17ನೇ ಶತಮಾನದ ಕಟ್ಟುನಿಟ್ಟಿನ ಪ್ಯೂರಿಟನ್ ಕ್ರೈಸ್ತರಿಗೆ ಅದು ಹಿಡಿಸದೆ 'ಸೋಲ್ಜರ್ ಅಂಡ್ ಸಿಟಿಜನ್' ಅಂತ ಬದಲಾಯಿಸಿದ್ದರಂತೆ. ಇದರ ಕೆಳಗೂ ಗುಹೆ. ಊರಿನ ಮುಖ್ಯ ಚೌಕದ ಹತ್ತಿರ ಏಂಜೆಲ್ ರೋ ಬೀದಿಯಲ್ಲಿ 'ಬೆಲ್ ಇನ್', ಅದರ ಹೇಳಿಕೆ 1437.

ಮೂರರ ಮರವನ್ನೂ ಉಂಗುರ ಎಣಿಸಿ ಪರೀಕ್ಷೆ ಮಾಡಿದಾಗ ಸಲ್ಯುಟೇಶನ್ ಸುಮಾರು 1360, ಬೆಲ್ ಸುಮಾರು 1420 ಅಂತ ಬಂತು. ಟ್ರಿಪ್ ಆಗಲೇ ಹೇಳಿದಂತೆ 1650ರ ಆಸುಪಾಸು. ಅಂದರೆ ಗೋಡೆಯ ಮೇಲೆ ಎಲ್ಲರಿಗಿಂತ ಹಳೆಯ ಇಸವಿ ಬರೆದುಕೊಂಡಿದ್ದೇ ಮೂವರಲ್ಲಿ ಕಿರಿಯದು. ಬೆಲ್‌ನ ಬೋರ್ಡು ತನ್ನ ವಯಸ್ಸನ್ನು ಕಡಿಮೆಯೇ ಹೇಳಿಕೊಂಡಿದೆ. ಇದನ್ನು ಟ್ರಿಪ್‌ನ ಕೌಂಟರಿನಲ್ಲಿ ನಿಂತು ಜೋರಾಗಿ ಹೇಳಬೇಡಿ. ಬೆಲ್‌ನಲ್ಲಿ ಹೇಳಿ, ಖುಷಿ ಪಡುತ್ತಾರೆ.

ಹೊರಡುವ ಹೊತ್ತಿಗೆ ಗಂಟೆ ಬಾರಿಸಿದರೆ ಅದು ಬೆಂಕಿಯ ಎಚ್ಚರಿಕೆ ಅಲ್ಲ, ಕೊನೆಯ ಆರ್ಡರಿನ ಕರೆ. ಸಾಮಾನ್ಯವಾಗಿ ಎರಡನೇ ಸಲ ಬಾರಿಸಿದ ಮೇಲೆ ಏನೂ ಕೊಡುವುದಿಲ್ಲ, ಇರುವುದನ್ನು ಮುಗಿಸಿ ಏಳಬೇಕು. ರೈಲಿನ ಟಿಕೆಟ್ ಮೊಬೈಲಿನಲ್ಲಿದ್ದರೆ ಮೊದಲೇ ಇಳಿಸಿಕೊಂಡಿರಿ, ಬಂಡೆಯೊಳಗೆ ಸಿಗ್ನಲ್ ನಂಬಬೇಡಿ. ಖಾಲಿ ಗ್ಲಾಸನ್ನು ಕೌಂಟರಿಗೆ ವಾಪಸ್ ಇಟ್ಟು ಒಂದು ಥ್ಯಾಂಕ್ಸ್ ಹೇಳಿ. ಹೊರಗೆ ಬಂದ ಮೇಲೆ ಕೋಟು, ಬ್ಯಾಗು ಒಮ್ಮೆ ಕೊಡವಿಕೊಳ್ಳಿ. ಮರಳು ಇರುತ್ತದೆ.